ಟೆರೇಸ್ ಮೇಲೆ ನಿಂತೇ ವಾತಾವರಣದ ಪದರ ಗುರ್ತಿಸೋದು ಹೇಗೆ

ಮೊದ್ಲು ಒಂದು ಕೆಲ್ಸ ಮಾಡಿ, ಪರಿವರ್ತನಾ ಮಂಡಲ, ಸಮೋಷ್ಣ ಮಂಡಲ, ಮಧ್ಯಂತರ ಮಂಡಲ ಅಂತ ಮಕ್ಕಳ ಕೈಲಿ ಬಾಯಿಪಾಠ ಮಾಡ್ಸೋದನ್ನ ಸ್ವಲ್ಪ ದಿನ ನಿಲ್ಸಿಬಿಡಿ. ನನ್ನ ಮಗಳು ಐದೂ ಹೆಸ್ರು ಪಟಪಟ ಅಂತ ಹೇಳ್ತಿದ್ಲು, ಒಂದಿನ ಇದ್ದಕ್ಕಿದ್ದ ಹಾಗೆ "ಒಂದು ಮುಗೀತು ಇನ್ನೊಂದು ಶುರುವಾಯ್ತು ಅಂತ ಹೆಂಗಪ್ಪಾ ಗೊತ್ತಾಗತ್ತೆ, ಅಲ್ಲೇನು ಗೆರೆ ಎಳ್ದಿದಾರಾ" ಅಂದ್ಲು. ಕೇಳ್ಬೇಕಾಗಿದ್ದ ಪ್ರಶ್ನೆನೇ ಅದು. ಗೆರೆ ಇದೆ, ಅದು ಟೆಂಪರೇಚರಿಂದು. ನೆಲದಿಂದ ಮೇಲೆ ಹೋಗ್ತಾ ಹೋಗ್ತಾ ಚಳಿ ಏರತ್ತೆ, ಒಂದು ಎತ್ತರದಲ್ಲಿ ಅದು ನಿಂತು ಉಲ್ಟಾ ಬೆಚ್ಚಗಾಗ್ತಾ ಹೋಗತ್ತೆ, ಆಮೇಲೆ ಮತ್ತೆ ಚಳಿ, ಮತ್ತೆ ಬಿಸಿ. ಎಲ್ಲೆಲ್ಲಿ ತಿರುಗತ್ತೋ ಅದೇ ಗಡಿ.

ಎಲ್ಲಕ್ಕಿಂತ ಕೆಳಗಿನ ಪದರ, ಅಂದ್ರೆ ಪರಿವರ್ತನಾ ಮಂಡಲ, ತೋರ್ಸೋಕೆ ಗೋಡೆಗೆ ನೇತಾಕೋ ಥರ್ಮಾಮೀಟರ್ ಸಾಕು. ಚಿಕ್ಕಮಗಳೂರು ಪೇಟೆಯಲ್ಲಿ ನೆರಳಲ್ಲಿಟ್ಟು ಒಂದ್ಸಲ ನೋಡ್ಕೊಳ್ಳಿ, ಸೀದಾ ಮುಳ್ಳಯ್ಯನಗಿರಿಗೆ ಹೋಗಿ ಅಲ್ಲೂ ನೆರಳಲ್ಲೇ ಇನ್ನೊಂದ್ಸಲ ನೋಡಿ. ಬೆಟ್ಟ 1,930 ಮೀಟರ್, ಪೇಟೆ ಸಾವಿರದ ಆಸುಪಾಸು, ಕಿಲೋಮೀಟರಿಗೆ ಸುಮಾರು 6.5 ಡಿಗ್ರಿ ಲೆಕ್ಕದಲ್ಲಿ ಐದಾರು ಡಿಗ್ರಿ ಇಳ್ದಿರ್ಬೇಕು (ಗಾಳಿ, ಮೋಡದಿಂದ ಸ್ವಲ್ಪ ಹೆಚ್ಚುಕಮ್ಮಿ ಆಗತ್ತೆ, ಪರ್ವಾಗಿಲ್ಲ).

ಈ ಪದರದ ತಾರಸಿ ಕಣ್ಣಿಗೇ ಕಾಣತ್ತೆ, ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಅಶ್ವಿನಿ, ಭರಣಿ ಮಳೆ ಟೈಮಲ್ಲಿ ಸಂಜೆ ನಾಲ್ಕರ ಮೇಲೆ ದೂರದಲ್ಲಿ ಗುಡುಗಿನ ಮೋಡ ಏಳೋದನ್ನ ನೋಡ್ತಾ ಕೂತ್ಕೊಳ್ಳಿ, ಮೋಡ ನಮ್ಮ ತಲೆ ಮೇಲಿದ್ರೆ ಕಾಣಲ್ಲ, ದೂರದಲ್ಲೇ ಇರ್ಬೇಕು. ಹೂಕೋಸಿನ ಥರ ಉಬ್ಬುಬ್ಬಿ ಮೇಲೇರ್ತಾ ಇರತ್ತೆ, ಆಮೇಲೆ ತುದಿ ಇದ್ದಕ್ಕಿದ್ದ ಹಾಗೆ ಚಪ್ಪಟೆಯಾಗಿ ಪಕ್ಕಕ್ಕೆ ಹರಡ್ಕೊಳ್ಳತ್ತೆ, ಹಳೇ ಮನೇಲಿ ಒಲೆ ಹೊಗೆ ಅಟ್ಟಕ್ಕೆ ತಾಗಿ ಹರಡ್ತಿತ್ತಲ್ಲ ಥೇಟ್ ಹಾಗೇ. ಜೋರಾದ ಮೋಡಕ್ಕೆ ಆ ಅಟ್ಟ ಅಂದ್ರೆ ಪರಿವರ್ತನಾ ಮಂಡಲದ ಗಡಿ, ನಮ್ಮ ಕಡೆ ಸುಮಾರು 16–17 ಕಿಲೋಮೀಟರ್ ಎತ್ತರ. ಅದರ ಮೇಲಿನ ಗಾಳಿ ಬೆಚ್ಚಗಿರೋದ್ರಿಂದ ಏರಿ ಬಂದ ತಣ್ಣನೆ ಗಾಳಿ ಮುಂದೆ ಹತ್ತಲ್ಲ. ಮಳೆ, ಸಿಡ್ಲು, ಚಂಡಮಾರುತ ಎಲ್ಲಾ ಈ ಅಟ್ಟದ ಕೆಳಗೇ ನಡ್ಯೋದು ಇದಕ್ಕೇ.

ವಿಮಾನ ಅದರ ಮೇಲಿನ ಸಮೋಷ್ಣ ಮಂಡಲದಲ್ಲಿ ಹಾರತ್ತೆ ಅಂತ ಓದಿರ್ತೀವಿ, ಅದು ಯುರೋಪಿನಂಥ ಕಡೆ ಎಷ್ಟೋ ಸಲ ನಿಜ, ಅಲ್ಲಿ ಗಡಿ 10–12 ಕಿಲೋಮೀಟರಿಗೇ ಬಂದುಬಿಡತ್ತೆ. ನಮ್ಮ ಮೇಲೆ ಅದೇ ಎತ್ತರದಲ್ಲಿ ಹಾರೋ ವಿಮಾನ ಇನ್ನೂ ಕೆಳಗಿನ ಪದರದಲ್ಲೇ ಇರತ್ತೆ, ಹಾಗಾಗಿ ಪೈಲಟ್‌ಗಳು ದೊಡ್ಡ ಮೋಡಗಳನ್ನ ಸುತ್ತಿ ಹೋಗ್ಬೇಕು. ಮಕ್ಕಳಿಗೆ ಇದನ್ನ ಬಿಡಿಸಿ ಹೇಳಿ.

ಸಮೋಷ್ಣ ಅನ್ನೋ ಹೆಸ್ರೂ ಗೊಂದಲ ಮಾಡತ್ತೆ. 1902ರಲ್ಲಿ ಫ್ರಾನ್ಸಿನ ಹವಾಮಾನ ವಿಜ್ಞಾನಿ ತೇಸ್ಸೆರಾಂಕ್ ದ ಬೋರ್ ಬಲೂನ್ ಬಿಟ್ಟು ಬಿಟ್ಟು ಅಳೆದು, ಸುಮಾರು 11 ಕಿಲೋಮೀಟರಿಂದ ಮೇಲೆ ಟೆಂಪರೇಚರ್ ಇಳಿಯೋದು ನಿಲ್ಲತ್ತೆ ಅಂದ. ಆದ್ರೆ ಇನ್ನೂ ಮೇಲೆ ಹೋದ್ರೆ ಅದು ಸಮವಾಗೇನೂ ಇರಲ್ಲ, 50 ಕಿಲೋಮೀಟರ್ ತನಕ ಏರತ್ತೆ, ಯಾಕಂದ್ರೆ ಓಝೋನ್ ಬಿಸಿಲಿನ ಅತಿನೇರಳೆ ಕಿರಣ ಹೀರ್ಕೊಂಡು ಬಿಸಿಯಾಗತ್ತೆ. ಅಷ್ಟೂ ಓಝೋನನ್ನ ನೆಲಕ್ಕೆ ತಂದು ಹಾಸಿದ್ರೆ ದಪ್ಪ ಬರೀ 3 ಮಿಲಿಮೀಟರ್! ಸ್ಕೇಲ್ ತಗೊಂಡು ಮೂರು ಗೆರೆ ತೋರ್ಸಿ, ನಮ್ಮ ಚರ್ಮ, ಕಣ್ಣು, ಬೆಳೆ ಎಲ್ಲಾ ಉಳ್ದಿರೋದು ಇಷ್ಟರಿಂದ ಅಂತ. ಅಂಟಾರ್ಕ್ಟಿಕಾ ಮೇಲೆ ಅದು ವಿಪರೀತ ತೆಳುವಾಗ್ತಿದೆ ಅಂತ 1985ರಲ್ಲಿ ವರದಿ ಬಂತು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯ್ತು, ಓಝೋನ್ ಹಾಳುಮಾಡೋ ಫ್ರಿಜ್ಜಿನ ಸಿಎಫ್‌ಸಿ ಗ್ಯಾಸ್ ಹಂತಹಂತವಾಗಿ ನಿಂತು ಈಗ ಪದರ ನಿಧಾನವಾಗಿ ಸುಧಾರಿಸ್ತಿದೆ.

ಅದರ ಮೇಲಿನ ಮಧ್ಯಂತರ ಮಂಡಲ ಗುರ್ತಿಸೋಕೆ ಡಿಸೆಂಬರ್ 13–14ರ ರಾತ್ರಿ ಚಾಪೆ ಹಾಕ್ಕೊಂಡು ಮಲಗಿ, ಲೈಟ್ ಆರ್ಸಿ, ಮೊಬೈಲ್ ಮುಟ್ಟಬೇಡಿ, ಕಣ್ಣು ಕತ್ತಲೆಗೆ ಹೊಂದ್ಕೊಳ್ಳೋಕೆ ಇಪ್ಪತ್ತು ನಿಮಿಷ ಬೇಕು. ಜೆಮಿನಿಡ್ ಉಲ್ಕೆಗಳು ಉರಿಯೋದು ಈ ಪದರದ ಮೇಲ್ಭಾಗದಲ್ಲಿ, ಅದರ ಆಚೀಚೆ, 80–100 ಕಿಲೋಮೀಟರ್ ಎತ್ತರದಲ್ಲಿ.

ಅದಕ್ಕೂ ಮೇಲಿನದು ಉಷ್ಣತಾ ಮಂಡಲ, ಸುಮಾರು 400 ಕಿಲೋಮೀಟರಲ್ಲಿ ಸ್ಪೇಸ್ ಸ್ಟೇಷನ್ ತಿರುಗೋದು ಇಲ್ಲೇ. ಇಲ್ಲೂ, ಇದರ ಸ್ವಲ್ಪ ಕೆಳಗೂ ಇರೋ ವಿದ್ಯುತ್ ಕಣಗಳನ್ನ ಕಣ್ಣಿಗಿಂತ ಕಿವಿಗೆ ತೋರ್ಸೋದು ಸುಲಭ. ಮನೆ ಅಟ್ಟದ ಮೇಲೆ ಹಳೇ ಟ್ರಾನ್ಸಿಸ್ಟರ್ ರೇಡಿಯೋ ಇದ್ರೆ ಕೆಳಗಿಳ್ಸಿ, ಸೆಲ್ ಹಾಕಿ, ಮಧ್ಯಾಹ್ನ ಮೀಡಿಯಂ ವೇವಲ್ಲಿ ಎಷ್ಟು ಸ್ಟೇಷನ್ ಸಿಗತ್ತೆ ಬರ್ಕೊಳ್ಳಿ. ರಾತ್ರಿ ಒಂಬತ್ತಕ್ಕೆ ಮತ್ತೆ ಮುಳ್ಳು ತಿರುಗ್ಸಿ. ಆ ಕಣಗಳಿರೋ ಜಾಗದಲ್ಲಿ ಹಗಲಲ್ಲಿ ಸಿಗ್ನಲ್ ನುಂಗೋ ಕೆಳಗಿನ ಭಾಗ ಸೂರ್ಯ ಮುಳುಗಿದ ಮೇಲೆ ಕರಗಿಹೋಗಿರತ್ತೆ, ಮೇಲಿನ ಭಾಗಕ್ಕೆ ಬಡಿದು ತಿರುಗಿ ಬರೋ ದೂರದೂರದ ಸ್ಟೇಷನ್ ತೇಲಿ ಬರ್ತಾ ಹೋಗ್ತಾ ಇರತ್ತೆ. ಸರಿಯಾಗಿ ಕೇಳ್ಲಿಲ್ಲ ಅಂದ್ರೆ ಹೊರಗಿನ ಆಂಟೆನಾ ಕಡ್ಡಿ ಎಳೀಬೇಡಿ, ಮೀಡಿಯಂ ವೇವಿಗೆ ಆಂಟೆನಾ ಒಳಗೇ ಇರತ್ತೆ, ಇಡೀ ರೇಡಿಯೋನೇ ನಿಧಾನಕ್ಕೆ ಈ ಕಡೆ ಆ ಕಡೆ ತಿರುಗ್ಸಿ.