ಆಟ ಕಟ್ಟುತ್ತಾ ಸಂವಿಧಾನ ಕಲಿತ ನನ್ನ ತರಗತಿ

ಒಂಬತ್ತನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಸಂವಿಧಾನದ ಪಾಠ ಬಂದರೆ ಮಕ್ಕಳಿಗೆ ಗೊತ್ತಿದ್ದದ್ದು ಒಂದೇ ದಾರಿ, ಬಾಯಿಪಾಠ. 1949ರ ನವೆಂಬರ್ 26, 1950ರ ಜನವರಿ 26, ಲೋಕಸಭೆಗೆ 543 ಸ್ಥಾನ. ಎಲ್ಲ ಪಟಪಟ ಹೇಳುತ್ತಿದ್ದರು. 'ಮಿಸ್, ಇದು ಹೀಗೇ ಯಾಕಿದೆ?' ಅಂತ ಯಾರೂ ಕೇಳುತ್ತಿರಲಿಲ್ಲ. ನನ್ನ ಕೊರಗು ಅದೇ ಆಗಿತ್ತು.

ಹೋದ ವರ್ಷ ನಾನೇ ಒಂದು ಆಟ ಮಾಡಿ ಆಡಿಸಿದ್ದೆ. ಖುಷಿಯಾಗಿ ಆಡಿದರು, ಅಷ್ಟೇ. ಈ ವರ್ಷ ಆಟ ಕಟ್ಟುವ ಕೆಲಸವನ್ನೇ ಅವರ ಕೈಗೆ ಕೊಟ್ಟೆ. ರಟ್ಟು, ಗುಂಡಿ, ದಾಳ, ಖಾಲಿ ಕಾರ್ಡು. ಒಂದು ಗುಂಪು ಮಾತ್ರ ಕಂಪ್ಯೂಟರಿನಲ್ಲಿ ಸ್ಕ್ರಾಚ್ ಅನ್ನುವ, ಮಕ್ಕಳ ಪ್ರೋಗ್ರಾಮಿಂಗ್ ಭಾಷೆ ಬಳಸಿತು.

ಮೊದಲ ಗುಂಪು ಹಾವು ಏಣಿಯ ಹಾಗೆ ಮಸೂದೆಯ ಹಾದಿ ಬರೆಯಿತು. ರಾಷ್ಟ್ರಪತಿಯ ಮನೆಗೆ ಬಂದ ಗುಂಡಿಯನ್ನು ವಾಪಸ್ ಕಳಿಸಬಹುದು ಅಂತ ನಿಯಮ. ಎಷ್ಟು ಸಲ? ಅದನ್ನು ಬರೆದಿರಲಿಲ್ಲ. ಆಟ ಮುಗಿಯಲೇ ಇಲ್ಲ! ಗುಂಡಿ ಸುಮ್ನೆ ಹಿಂದೆ ಮುಂದೆ ಓಡಾಡುತ್ತಿತ್ತು. ಬೇಸತ್ತು ಪುಸ್ತಕ ತೆಗೆದರು. 111ನೇ ವಿಧಿಯಲ್ಲಿ ಉತ್ತರ ಇತ್ತು. ವಾಪಸ್ ಬಂದ ಮಸೂದೆಯನ್ನು ಸಂಸತ್ತು ಮತ್ತೆ ಒಪ್ಪಿ ಕಳಿಸಿದರೆ ರಾಷ್ಟ್ರಪತಿ ಅಂಕಿತ ಹಾಕಲೇಬೇಕು. 'ಓ, ಅದಕ್ಕೇ ಹಾಗೆ ಬರೆದಿದ್ದಾರಾ!' ಅಂದಳು ಒಬ್ಬಳು. ಆ ಒಂದು ಮಾತಿಗಾಗಿ ನಾನು ಎಷ್ಟೋ ವರ್ಷ ಕಾದಿದ್ದೆ.

ನನ್ನ ಮನಸ್ಸಿನಲ್ಲಿ ಉಳಿದದ್ದು ಎರಡನೇ ಗುಂಪಿನ ಮೊಬೈಲ್ ಆಟ. ಪ್ರತಿ ಕಾರ್ಡಿನಲ್ಲೂ ಒಂದು ಮೆಸೇಜ್. ಫಾರ್ವರ್ಡ್ ಮಾಡಿದರೆ 2 ಅಂಕ, ನಿಜವೇ ಅಂತ ನೋಡಲು ಒಂದು ಸರದಿ ಬಿಡಬೇಕು. ಸಹಜವಾಗಿ ಯಾರೂ ನೋಡಲಿಲ್ಲ. ಸುಳ್ಳು ಹರಡಿದವರೇ ಗೆದ್ದರು. ಇದನ್ನು ತಡೆಯಲು ಒಬ್ಬ ಹುಡುಗ ಹೊಸ ನಿಯಮ ಬರೆದ: 'ಬೇಜಾರಾಗುವ ಮೆಸೇಜ್ ಕಳಿಸಿದರೆ ಜೈಲು.'

ಹತ್ತೇ ನಿಮಿಷ. ಅರ್ಧ ಗುಂಪು ಜೈಲಿನಲ್ಲಿತ್ತು. ಒಬ್ಬ ಹುಡುಗಿಯ ಕಾರ್ಡಿನಲ್ಲಿ ಇದ್ದದ್ದು 'ನಮ್ಮ ಬೀದಿಗೆ ನಾಲ್ಕು ದಿನದಿಂದ ನೀರು ಬಂದಿಲ್ಲ' ಅಂತ. ಅಧಿಕಾರಿ ಪಾತ್ರದವನು 'ನನಗೆ ಬೇಜಾರಾಯ್ತು' ಅಂದ, ಅವಳನ್ನೂ ಒಳಗೆ ಹಾಕಿದ. ಅವಳು ಕಾರ್ಡು ಕೆಳಗಿಟ್ಟಳು. 'ಮಿಸ್, ನಾನು ಸುಳ್ಳು ಹೇಳಿಲ್ಲ. ಅವನಿಗೆ ಬೇಜಾರಾದ್ರೆ ನಾನ್ಯಾಕೆ ಜೈಲಿಗೆ ಹೋಗ್ಬೇಕು?'

ಆಗ ಆಟ ನಿಲ್ಲಿಸಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಬಗ್ಗೆ ಹೇಳಿದೆ. ಕಿರಿಕಿರಿ ಆಗುವಂಥ ಸಂದೇಶ ಕಳಿಸುವುದನ್ನೂ ಆ ಕಲಂ ಅಪರಾಧದ ಪಟ್ಟಿಗೆ ಸೇರಿಸಿತ್ತು. ಕಿರಿಕಿರಿ ಅಂದರೆ ಏನು, ಯಾರಿಗೆ ಆಗಬೇಕು ಅನ್ನುವುದು ಸ್ಪಷ್ಟವಿರಲಿಲ್ಲ. 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 19ನೇ ವಿಧಿ ಕೊಟ್ಟ ಮಾತಿನ ಸ್ವಾತಂತ್ರ್ಯಕ್ಕೆ ಯಾವ ಕಾರಣಕ್ಕೆ ಮಿತಿ ಹಾಕಬಹುದು ಅಂತ ಅದೇ ವಿಧಿಯಲ್ಲಿ ಪಟ್ಟಿ ಇದೆ, ಅದರಲ್ಲಿ ಬೇಜಾರು ಇಲ್ಲ ಅಂತ ತೋರಿಸಿದೆ. ತರಗತಿ ನಿಶ್ಶಬ್ದವಾಗಿ ಕೇಳಿತು. ಜೈಲಿನ ಕಾರ್ಡು ಬರೆದ ಹುಡುಗನೇ ಅದನ್ನು ಹರಿದು ಹೊಸದು ಬರೆದ: 'ಹೊಡೆಯಿರಿ, ಸುಡಿರಿ ಅಂತ ಜನರನ್ನು ಎಬ್ಬಿಸಿದರೆ ಮಾತ್ರ ಶಿಕ್ಷೆ.' ಸುಳ್ಳು ಹರಡಿದವರಿಗೆ ಅಂಕ ಕಳೆಯುವುದು ಸಾಕು ಅಂತ ಎಲ್ಲರೂ ಒಪ್ಪಿದರು. ನ್ಯಾಯಾಲಯದ ಕಾರ್ಡೂ ಬಂತು. ಯಾವ ನಿಯಮವನ್ನಾದರೂ ಯಾರು ಬೇಕಾದರೂ ಪ್ರಶ್ನಿಸಬಹುದು.

ಇನ್ನೊಂದು ಗುಂಪು ಆಟ ಶುರು ಮಾಡಲು ಎಲ್ಲರ ಫೋನ್ ನಂಬರ್, ಹುಟ್ಟಿದ ದಿನ ಕೇಳುತ್ತಿತ್ತು. 'ಇದು ಯಾತಕ್ಕೆ ಬೇಕು?' ಅಂದೆ. ಉತ್ತರ ಇರಲಿಲ್ಲ, ಅಳಿಸಿದರು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು, ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ ಅಂದಾಗ ಮಕ್ಕಳ ಕಣ್ಣು ಅರಳಿತು.

ದೊಡ್ಡ ಜಗಳ ಆಗಿದ್ದು ನಿಯಮ ಬದಲಿಸುವಾಗ. ಮೂರನೇ ಎರಡರಷ್ಟು ಮತ ಬೇಕು ಅಂತ ಒಂದು ಗುಂಪು ತೀರ್ಮಾನಿಸಿತ್ತು. ಆರು ಜನರಲ್ಲಿ ನಾಲ್ವರು ಸೇರಿ, ಉಳಿದಿಬ್ಬರಿಗೆ ಇನ್ನು ಮತವೇ ಇಲ್ಲ ಅಂತ ನಿಯಮ ಮಾಡಿದರು. 'ಲೆಕ್ಕ ಸರಿ ಇದೆ ಅಲ್ವಾ ಮಿಸ್?' ಲೆಕ್ಕ ಸರಿಯೇ ಇತ್ತು. 1973ರ ಕೇಶವಾನಂದ ಭಾರತಿ ಪ್ರಕರಣದ ಕತೆಯನ್ನು ಅವತ್ತು ಹೇಳಿದೆ. 13 ನ್ಯಾಯಮೂರ್ತಿಗಳ ಪೀಠ, 7-6ರ ತೀರ್ಪು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಮತ ಕಳೆದುಕೊಂಡ ಆ ಇಬ್ಬರು ಕೇಳಿದಷ್ಟು ಗಮನವಿಟ್ಟು ಈ ಪಾಠವನ್ನು ಬೇರೆ ಯಾರೂ ಕೇಳಿರಲಿಕ್ಕಿಲ್ಲ.

ಮಾಡಿ ನೋಡುವವರಿಗೆ ಒಂದೆರಡು ಮಾತು. ನಾಲ್ಕು ಪಿರಿಯಡ್ ಸಾಕು ಅಂದುಕೊಂಡಿದ್ದೆ, ಒಂಬತ್ತು ಬೇಕಾಯಿತು. ಮಕ್ಕಳ ನಿಯಮದಲ್ಲಿ ತಪ್ಪು ಕಂಡ ಕೂಡಲೇ ತಿದ್ದಬೇಡಿ. ಆ ತಪ್ಪು ನಿಯಮದಲ್ಲೇ ಒಂದು ಸಲ ಪೂರ್ತಿ ಆಡಲಿ. ಖಾಲಿ ಕಾರ್ಡು ಜಾಸ್ತಿ ಇಟ್ಟುಕೊಳ್ಳಿ.

ಕೇಂದ್ರ ಪಟ್ಟಿ, ರಾಜ್ಯ ಪಟ್ಟಿಯ ಆಟ ಇನ್ನೂ ಮುಗಿದಿಲ್ಲ. ಶಿಕ್ಷಣ ಇರುವುದು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿ, ಹಾಗಾಗಿ ಆ ಕಾರ್ಡಿಗೆ ಇಬ್ಬರೂ ಕೈ ಹಾಕುತ್ತಾರೆ. ಊಟದ ಬಿಡುವಿನಲ್ಲೂ ಅದೇ ವಾದ ನಡೆದಿದೆ.