ಗೌರಿಕುಂಡದಿಂದ ಕೇದಾರಕ್ಕೆ ಎರಡು ದಿನಗಳ ನಡಿಗೆ

ಕೇದಾರನಾಥಕ್ಕೆ ನಡೆದೇ ಹೋಗಬೇಕೆಂದು ನಿಶ್ಚಯಿಸಿದಾಗ ನನಗೆ ಐವತ್ತೆರಡು ವರ್ಷ. ಗೌರಿಕುಂಡ ಸಮುದ್ರಮಟ್ಟದಿಂದ ಸುಮಾರು 1,980 ಮೀಟರ್ ಎತ್ತರದಲ್ಲಿದೆ, ದೇವಾಲಯ 3,583 ಮೀಟರ್ ಎತ್ತರದಲ್ಲಿ. ಈ ಏರನ್ನು ಬಹುತೇಕ ಯಾತ್ರಿಕರು ಒಂದೇ ದಿನದಲ್ಲಿ ಮುಗಿಸುತ್ತಾರೆ. ಮೇಲೆ ಗಾಳಿಯಲ್ಲಿ ನಮಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿರುವುದರ ಮೂರನೆಯ ಎರಡು ಭಾಗದಷ್ಟು ಮಾತ್ರ ಎಂಬುದನ್ನು ತಿಳಿದ ಮೇಲೆ, ದಾರಿಯನ್ನು ಎರಡು ದಿನಕ್ಕೆ ಹಂಚಿ ಲಿಂಚೋಲಿಯಲ್ಲಿ ಒಂದು ರಾತ್ರಿ ತಂಗುವುದೆಂದು ತೀರ್ಮಾನಿಸಿದೆ.

ಹೊರಡುವ ಮೂರು ತಿಂಗಳ ಮೊದಲಿನಿಂದ ಪ್ರತಿದಿನ ಬೆನ್ನಿಗೆ ಐದು ಕಿಲೋ ಭಾರದ ಚೀಲ ಹಾಕಿಕೊಂಡು ಕಚೇರಿಯ ಏಳು ಮಹಡಿಗಳನ್ನು ನಾಲ್ಕು ಬಾರಿ ಹತ್ತುತ್ತಿದ್ದೆ. ಇಳಿಯುವಾಗ ಮಾತ್ರ ಲಿಫ್ಟ್ ಬಳಸುತ್ತಿದ್ದೆ. ಅದರ ಫಲ ಏನಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಮಳೆಗಾಲದ ಅಬ್ಬರ ಇಳಿದಿದ್ದ ಸೆಪ್ಟೆಂಬರ್ ಕೊನೆಯಲ್ಲಿ, ಮೊದಲೇ ಮಾಡಿಸಿದ್ದ ಯಾತ್ರಾ ನೋಂದಣಿಯನ್ನು ಸೋನಪ್ರಯಾಗದಲ್ಲಿ ತೋರಿಸಿ, ಅಲ್ಲಿಂದ ಐದು ಕಿಲೋಮೀಟರ್ ದೂರದ ಗೌರಿಕುಂಡಕ್ಕೆ ಜೀಪಿನಲ್ಲಿ ಹೋಗಿ, ಬೆಳಗಿನ ಆರು ಗಂಟೆಗೆ ನಡಿಗೆ ಆರಂಭಿಸಿದೆ. ಮೊದಲ ತಾಸಿನಲ್ಲಿ ಕಷ್ಟ ಕೊಟ್ಟದ್ದು ಏರಲ್ಲ, ಹೇಸರಗತ್ತೆಗಳು. ಅವು ಸಾಲುಸಾಲಾಗಿ ಬರುವಾಗ ಕಣಿವೆಯ ಅಂಚಿಗೆ ಸರಿಯದೆ ಬೆಟ್ಟದ ಗೋಡೆಗೆ ಒತ್ತಿ ನಿಲ್ಲಬೇಕು. ಹೇರಿನ ಮೂಟೆ ತಾಗಿದರೆ ಮನುಷ್ಯ ಬೀಳುವುದು ಹೊರಬದಿಗೆ. ಲದ್ದಿಯೂ ಕೆಸರೂ ಕಲೆತ ಕಲ್ಲುಹಾಸು ಜಾರುತ್ತಿದ್ದುದರಿಂದ, ಕಾಲಿನ ಹರಡನ್ನೂ ಹಿಡಿದು ನಿಲ್ಲಿಸುವ ಬೂಟು ಹಾಕಿಕೊಂಡದ್ದು ಒಳ್ಳೆಯದಾಯಿತು.

ಜಂಗಲ್‌ಚಟ್ಟಿಯವರೆಗೆ ನಾನೂ ಎಲ್ಲರಂತೆ ಅವಸರ ಮಾಡಿದೆ. ನಂತರ ಒಂದು ನಿಯಮ ಹಾಕಿಕೊಂಡೆ: ಪಂಚಾಕ್ಷರಿಯನ್ನು ಬಾಯಿಬಿಟ್ಟು ಜಪಿಸಲು ಸಾಧ್ಯವಾಗುವಷ್ಟೇ ವೇಗದಲ್ಲಿ ನಡೆಯುವುದು, ಜಪ ತುಂಡಾದರೆ ವೇಗ ತಗ್ಗಿಸುವುದು. ಭಕ್ತಿಗಿಂತ ಉಸಿರಿನ ಲೆಕ್ಕವೇ ಇದರಲ್ಲಿ ಹೆಚ್ಚಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಭೀಮಬಲಿ ದಾಟಿದ ಮೇಲೆ ರಾಮಬಾಡಾ. 2013ರ ಜೂನ್‌ನಲ್ಲಿ ಚೋರಾಬಾರಿ ಸರೋವರ ಒಡೆದು ಬಂದ ಪ್ರವಾಹದಲ್ಲಿ ಕೊಚ್ಚಿಹೋದ ಊರು ಅದು. ಹಳೆಯ ದಾರಿಯೂ ಅದರೊಂದಿಗೆ ಹಾಳಾದ ಕಾರಣ ಈಗಿನ ದಾರಿ ಇಲ್ಲಿ ಸೇತುವೆಯ ಮೂಲಕ ಮಂದಾಕಿನಿಯನ್ನು ದಾಟಿ ಎದುರು ದಂಡೆಯಲ್ಲಿ ಏರುತ್ತದೆ. ಒಟ್ಟು ದೂರವೂ ಹದಿನಾಲ್ಕರಿಂದ ಸುಮಾರು ಹದಿನಾರು ಕಿಲೋಮೀಟರಿಗೆ ಹೆಚ್ಚಿದೆ. ಸೇತುವೆಯಾಚೆಗಿನ ಕಡಿದಾದ ತಿರುವುಗಳಲ್ಲಿ ನೂರು ಹೆಜ್ಜೆಗೊಮ್ಮೆ ನಿಂತು ನಿಂತು ಹತ್ತಿದೆ.

ಲಿಂಚೋಲಿಯ ಡೇರೆ ಸೇರಿದಾಗ ಮಧ್ಯಾಹ್ನ ಎರಡು ಗಂಟೆ. ಸಂಜೆಗೆ ಹಣೆಯಲ್ಲಿ ನೋವು ಆರಂಭವಾಯಿತು, ಊಟ ಸೇರಲಿಲ್ಲ. ಇದು ಎತ್ತರದ ಬಾಧೆಯ ಮೊದಲ ಲಕ್ಷಣವೆಂಬುದು ತಿಳಿದಿತ್ತು. ವಾಂತಿಯಾದರೆ ಅಥವಾ ನಡೆಯುವಾಗ ತೋಲ ತಪ್ಪಿದರೆ ದರ್ಶನದ ಆಸೆ ಬಿಟ್ಟು ಕೆಳಗಿಳಿಯುವುದೆಂದು ಜೊತೆಗಿದ್ದ ಭಾವನಿಗೆ ಮೊದಲೇ ಹೇಳಿಟ್ಟಿದ್ದೆ, ಏಕೆಂದರೆ ಆ ಸ್ಥಿತಿಯಲ್ಲಿ ಸ್ವಂತ ವಿವೇಚನೆಯನ್ನು ನಂಬುವಂತಿಲ್ಲ. ಬಿಸಿನೀರು ಕುಡಿಯುತ್ತ, ತಲೆ ಎತ್ತರಿಸಿಕೊಂಡು ಮಲಗಿದೆ. ನಿದ್ರೆ ಅರೆಬರೆಯಾದರೂ ಬೆಳಗಿಗೆ ನೋವು ಇಳಿದಿತ್ತು.

ಉಳಿದ ದಾರಿ ನಿಧಾನವಾಗಿ ಸಾಗಿತು. ಬೆಳಗಿನ ಹೊತ್ತಿಗೆ ತಲುಪಿದ್ದರಿಂದ ಗರ್ಭಗುಡಿಯೊಳಗೆ ಹೋಗಿ, ತ್ರಿಕೋನಾಕಾರದ ಆ ಶಿಲೆಗೆ ಕೈಯಾರೆ ತುಪ್ಪ ಸವರುವ ಭಾಗ್ಯ ದೊರೆಯಿತು. ಸಂಜೆಯದು ಅಲಂಕಾರದ ದರ್ಶನ, ದೂರದಿಂದಲೇ ನೋಡಬೇಕು. ಇಲ್ಲಿನ ಪ್ರಧಾನ ಅರ್ಚಕರಾದ ರಾವಲರು ಕರ್ನಾಟಕದ ವೀರಶೈವ ಜಂಗಮ ಪರಂಪರೆಯವರೆಂಬುದು ನೆನಪಾಗಿ, ಅಷ್ಟು ದೂರದಲ್ಲೂ ಪರಸ್ಥಳವೆನಿಸಲಿಲ್ಲ. ಗುಡಿಯ ಹಿಂದೆ, ಪ್ರವಾಹವನ್ನು ಎರಡಾಗಿ ಸೀಳಿ ದೇವಾಲಯವನ್ನು ಉಳಿಸಿದ ಭೀಮಶಿಲೆಯ ಬಳಿ ಬಹಳ ಹೊತ್ತು ಕುಳಿತಿದ್ದೆ.

ಮೊಣಕಾಲು ಕೈಕೊಟ್ಟದ್ದು ಇಳಿಯುವಾಗ. ಏರುವ ಸ್ನಾಯುಗಳನ್ನು ಮಾತ್ರ ಪಳಗಿಸಿದ್ದ ನನ್ನ ಕಾಲುಗಳು ಭೀಮಬಲಿಯ ಹೊತ್ತಿಗೆ ನಡುಗತೊಡಗಿದವು. ಕೊನೆಯ ಆರು ಕಿಲೋಮೀಟರುಗಳನ್ನು ಭಾವನ ಊರುಗೋಲನ್ನೂ ಕಸಿದುಕೊಂಡು, ಎರಡು ಕೋಲುಗಳ ಮೇಲೆ ಭಾರ ಹಾಕಿ, ಮೆಟ್ಟಿಲು ಬಂದಲ್ಲೆಲ್ಲ ಪಕ್ಕಕ್ಕೆ ತಿರುಗಿ ಒಂದೊಂದೇ ಕಾಲಿಟ್ಟು ಇಳಿದೆ. ಊರಿಗೆ ಮರಳಿದ ಮೇಲೆ ಹದಿನೈದು ದಿನ ಕಚೇರಿಯಲ್ಲಿ ಹತ್ತುವುದಕ್ಕೂ ಲಿಫ್ಟೇ ಬೇಕಾಯಿತು.