ನಾಯಿಬಂಡಿಯಲ್ಲಿ ಚಳಿಗಾಲದ ಪಯಣ: ಯೂಕಾನ್ ಮತ್ತು ಅಲಾಸ್ಕದ ಹಳೆಯ ಕ್ರಮ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲಾಸ್ಕ ಮತ್ತು ಕೆನಡಾದ ಯೂಕಾನ್ ಪ್ರದೇಶದ ಬಹುಪಾಲು ಊರುಗಳಿಗೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯೇ ರಸ್ತೆಯಾಗಿತ್ತು, ನಾಯಿಗಳು ಎಳೆಯುವ ಜಾರುಬಂಡಿಯೇ ವಾಹನವಾಗಿತ್ತು. ಅಂಚೆಯವರು, ಪೊಲೀಸರು, ಪಾದ್ರಿಗಳು, ಚಿನ್ನ ಅರಸಿ ಬಂದವರು ಎಲ್ಲರೂ ಈ ಪಯಣದ ವಿದ್ಯೆಯ ಹೆಚ್ಚಿನ ಪಾಲನ್ನು ಅಲ್ಲಿನ ಅಥಬಾಸ್ಕನ್ ಮತ್ತು ಇನ್ಯೂಟ್ ಜನರಿಂದಲೇ ಕಲಿತರು. ಆ ಕ್ರಮವನ್ನು ಅರಿಯಬಯಸುವವರು ಮೊದಲು ಗಮನಿಸಬೇಕಾದದ್ದು ವೇಗವನ್ನಲ್ಲ. ನಾಯಿಯ ಹೊಟ್ಟೆ ತುಂಬಿರಬೇಕು, ಮನುಷ್ಯನ ಕಾಲು ಒಣಗಿರಬೇಕು ಎಂಬ ಎರಡು ವಿಷಯಗಳನ್ನು. ಉಳಿದ ಏರ್ಪಾಡುಗಳೆಲ್ಲ ಇವೆರಡನ್ನೇ ಆಧರಿಸಿವೆ.

ಹೊರಡುವ ಮುನ್ನ ಆಹಾರದ ಲೆಕ್ಕ ಹಾಕಬೇಕು. ದುಡಿಯುವ ನಾಯಿಗೆ ದಿನಕ್ಕೆ ಸುಮಾರು 2 ಪೌಂಡ್, ಅಂದರೆ 0.9 ಕಿಲೋ ಒಣಗಿಸಿದ ಸಾಲ್ಮನ್ ಮೀನು ಬೇಕೆಂದು ಹಿಡಿದರೆ, 7 ನಾಯಿಗಳ ತಂಡಕ್ಕೆ 20 ದಿನಗಳಿಗೆ 126 ಕಿಲೋ ಮೀನನ್ನು ಹೇರಬೇಕಾಗುತ್ತದೆ. ಡೇರೆ, ಒಲೆ, ಕೊಡಲಿ, ಹಾಸಿಗೆ, ಮನುಷ್ಯರ ಊಟ ಎಲ್ಲವೂ ಇದರ ಮೇಲಿನ ಹೊರೆ. ದಾರಿಯಲ್ಲಿ ತಂಗುಮನೆಗಳಿದ್ದರೆ ಹೊರೆ ಇಳಿಯುತ್ತದೆ. ಇಲ್ಲದ ಕಡೆ ದಾರಿ ತಪ್ಪಬಹುದಾದ ದಿನಗಳನ್ನೂ ಬಿರುಗಾಳಿಗೆ ಸಿಕ್ಕಿ ಕೂರಬಹುದಾದ ದಿನಗಳನ್ನೂ ಸೇರಿಸಿಯೇ ಲೆಕ್ಕ ಮಾಡಬೇಕು. 1910ರ ಡಿಸೆಂಬರ್ 21ರಂದು ವಾಯವ್ಯ ಕೆನಡಾದ ಫೋರ್ಟ್ ಮ್ಯಾಕ್‌ಫರ್ಸನ್‌ನಿಂದ ಯೂಕಾನ್ ಪ್ರದೇಶದ ಡಾಸನ್ ಊರಿನ ಕಡೆಗೆ ಹೊರಟ ಇನ್‌ಸ್ಪೆಕ್ಟರ್ ಫ್ರಾನ್ಸಿಸ್ ಫಿಟ್ಜ್‌ಜೆರಾಲ್ಡ್ ಅವರ ಪೊಲೀಸ್ ಗಸ್ತು, ಬೇಗ ತಲುಪುವ ಉದ್ದೇಶದಿಂದ ಬಂಡಿಗಳನ್ನು ಹಗುರಗೊಳಿಸಿ ಸುಮಾರು 30 ದಿನಗಳ ಆಹಾರವನ್ನಷ್ಟೇ ಒಯ್ದಿತ್ತು. ದಾರಿ ಬಲ್ಲ, ಅಲ್ಲಿನ ಗ್ವಿಚಿನ್ ಜನಾಂಗದ ಮಾರ್ಗದರ್ಶಿ ಎಸಾವ್ ಜಾರ್ಜ್ ಕೆಲವು ದಿನ ಜೊತೆಗಿದ್ದರೂ ಅವರನ್ನು ಹಿಂದಕ್ಕೆ ಕಳುಹಿಸಲಾಯಿತು. ತಿರುಗಬೇಕಿದ್ದ ಹೊಳೆ ಸಿಗದೆ ದಿನಗಟ್ಟಲೆ ಹುಡುಕಿ, ಹಿಂತಿರುಗುವಾಗ ನಾಯಿಗಳನ್ನು ಒಂದೊಂದಾಗಿ ಕೊಂದು ತಿನ್ನುತ್ತ, ನಾಲ್ವರೂ 1911ರ ಫೆಬ್ರವರಿಯಲ್ಲಿ ಪ್ರಾಣಬಿಟ್ಟರು. ಕೊನೆಯ ಇಬ್ಬರು ಸತ್ತ ಜಾಗ ಫೋರ್ಟ್ ಮ್ಯಾಕ್‌ಫರ್ಸನ್‌ಗೆ ಸುಮಾರು 25 ಮೈಲಿ ದೂರದಲ್ಲಿತ್ತು. ಆ ದುರಂತದ ನಂತರ ಆ ಮಾರ್ಗದಲ್ಲಿ ಗುರುತುಗಳನ್ನು ಮಾಡಿ, ಅಲ್ಲಲ್ಲಿ ಆಹಾರ ಕೂಡಿಡುವ ಏರ್ಪಾಡು ಬಂದಿತು. ದಾರಿ ಬಲ್ಲ ಸ್ಥಳೀಯನಿಗೆ ಕೊಡುವ ಕೂಲಿಯಲ್ಲಿ ಉಳಿತಾಯ ಮಾಡಬಾರದು ಎಂಬುದನ್ನು ನಾನು ಈ ಕ್ರಮದ ಮೊದಲ ನಿಯಮವೆಂದೇ ಎಣಿಸುತ್ತೇನೆ.

ಬಂಡಿಯ ಕೀಲುಗಳನ್ನು ಮೊಳೆಯಿಂದ ಬಿಗಿಯದೆ ಹಸಿ ತೊಗಲಿನ ಮಿಣಿಯಿಂದ ಕಟ್ಟಬೇಕು. ಉಬ್ಬುತಗ್ಗುಗಳಲ್ಲಿ ಬಂಡಿ ಬಳುಕಿದರೆ ಮಾತ್ರ ಮುರಿಯದೆ ಉಳಿಯುತ್ತದೆ. ಕಾಡಿನ ಇಕ್ಕಟ್ಟಾದ ಹಾದಿಯಲ್ಲಿ ನಾಯಿಗಳನ್ನು ಒಂದರ ಹಿಂದೆ ಒಂದರಂತೆ ಹೂಡುತ್ತಾರೆ. ಪಶ್ಚಿಮ ಅಲಾಸ್ಕದ ನೋಮ್ ಕಡೆಯ ಕರಾವಳಿಯಲ್ಲಿ ಜೋಡಿ ಜೋಡಿಯಾಗಿ ಹೂಡುವುದು ರೂಢಿ. ಮುಂದಾಳು ನಾಯಿಗೆ ಬಲಕ್ಕಿಂತ ಬುದ್ಧಿ ಮುಖ್ಯ. ಬಂಡಿಗೆ ಅತಿ ಸಮೀಪದ ನಾಯಿಗೆ ಬಲವೇ ಮುಖ್ಯ.

ಹೊಸ ಹಿಮ ಆಳವಾಗಿ ಬಿದ್ದಿದ್ದರೆ ಒಬ್ಬರು ಸ್ನೋಶೂ (ಹಿಮದಲ್ಲಿ ಹೂತುಹೋಗದಂತೆ ಕಾಲಿಗೆ ಕಟ್ಟುವ ಅಗಲವಾದ ಬಲೆಚೌಕಟ್ಟು) ತೊಟ್ಟು ಮುಂದೆ ನಡೆದು ಹಾದಿ ತುಳಿಯಬೇಕು. ಒಂದು ಸಲ ತುಳಿದದ್ದು ಸಾಲದಿದ್ದರೆ ಹಿಂದಕ್ಕೆ ಬಂದು ಮತ್ತೆ ಮುಂದಕ್ಕೆ ಹೋಗಬೇಕು, ಅಂದರೆ ಒಂದು ಮೈಲಿ ಸಾಗಲು ಮೂರು ಮೈಲಿ ನಡೆಯಬೇಕು. ಬಂಡಿಯ ಮೇಲೆ ಆರಾಮವಾಗಿ ಕುಳಿತು ಹೋಗುವ ಚಿತ್ರ ಅಂದಿನ ಹೊರೆಬಂಡಿಗಳಿಗೆ ಹೊಂದುವುದೇ ಇಲ್ಲ. ಚಳಿ ಬಹಳ ತೀವ್ರವಾದಾಗ ಹಿಮವೂ ಮರಳಿನಂತಾಗಿ ಬಂಡಿ ಜಾರುವುದೇ ಇಲ್ಲ. ಪಾದರಸ ಸುಮಾರು −39 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗುವುದರಿಂದ ಅದನ್ನು ಸೀಸೆಯಲ್ಲಿ ಹೊರಗಿಟ್ಟು ಚಳಿಯನ್ನು ಅಳೆಯುತ್ತಿದ್ದರು. ಬೆಳಿಗ್ಗೆ ಅದು ಗಟ್ಟಿಯಾಗಿದ್ದರೆ, ಪ್ರಾಣಕ್ಕೆ ಸಂಬಂಧಿಸಿದ ಕೆಲಸವಿಲ್ಲದ ಪಕ್ಷದಲ್ಲಿ, ಡೇರೆಯಲ್ಲೇ ಉಳಿಯುವುದು ಲೇಸು.

ಚಳಿಗಿಂತಲೂ ಹೆಚ್ಚು ಭಯಪಡಬೇಕಾದದ್ದು ನೀರಿಗೆ. ಹೊಳೆಯು ಆಳವಿಲ್ಲದ ಕಡೆ ತಳದವರೆಗೆ ಹೆಪ್ಪುಗಟ್ಟಿದಾಗ, ಮೇಲಿನಿಂದ ಹರಿದುಬರುವ ನೀರು ಹೋಗಲು ಜಾಗವಿಲ್ಲದೆ ಒತ್ತಡಕ್ಕೆ ಸಿಕ್ಕಿ, ಮಂಜುಗಡ್ಡೆಯನ್ನು ಸೀಳಿಕೊಂಡು ಮೇಲೆ ಬಂದು ಹಿಮದ ಅಡಿಯಲ್ಲಿ ಹರಡಿಕೊಳ್ಳುತ್ತದೆ. ಮೇಲಿನ ಹಿಮ ಕಂಬಳಿಯ ಕೆಲಸ ಮಾಡುವುದರಿಂದ ಆ ನೀರು ಕಡುಚಳಿಯಲ್ಲೂ ಕೆಲಕಾಲ ಹೆಪ್ಪುಗಟ್ಟುವುದಿಲ್ಲ. ಹಿಮದ ಮೇಲ್ಮೈ ಬೂದುಬಣ್ಣಕ್ಕೆ ತಿರುಗಿದ್ದರೆ, ತುಸು ಕುಸಿದಂತೆ ಕಂಡರೆ, ಅಥವಾ ಅಲ್ಲಿಂದ ಆವಿ ಏಳುತ್ತಿದ್ದರೆ ದಡ ಹಿಡಿದು ಬಳಸಿಕೊಂಡು ಹೋಗಬೇಕು. ಕಾಲು ತೊಯ್ದೇಹೋದರೆ ತಕ್ಷಣ ಒಣ ಹಿಮದಲ್ಲಿ ಕಾಲನ್ನು ತುರುಕಿ ನೀರನ್ನು ಹೀರಿಸಿ, ತಡಮಾಡದೆ ದಡಕ್ಕೇರಿ ಬೆಂಕಿ ಹಾಕಬೇಕು. ಅದಕ್ಕಾಗಿಯೇ ಬರ್ಚ್ ಮರದ ತೊಗಟೆ, ಮೋಂಬತ್ತಿಯ ತುಂಡು, ನೀರು ತಾಗದ ಡಬ್ಬಿಯಲ್ಲಿ ಬೆಂಕಿಕಡ್ಡಿ ಇವು ಬಂಡಿಯಲ್ಲಲ್ಲ, ಮೈಮೇಲೆಯೇ ಇರಬೇಕು. ಆಮೇಲೆ ನಾಯಿಗಳ ಬೆರಳುಸಂದಿಯ ಮಂಜುಗಡ್ಡೆಯನ್ನು ಬಿಡಿಸಿ, ಗಾಯವಾದ ಪಾದಗಳಿಗೆ ದಪ್ಪ ಬಟ್ಟೆಯ ಅಥವಾ ಮೂಸ್ ಎಂಬ ದೊಡ್ಡ ಜಿಂಕೆಯ ತೊಗಲಿನ ಚೀಲ ತೊಡಿಸಬೇಕು. ಕಟ್ಟು ಬಿಗಿಯಾದರೆ ರಕ್ತ ಹರಿಯದೆ ಪಾದವೇ ಹೆಪ್ಪುಗಟ್ಟುತ್ತದೆ.

ನಡುಚಳಿಗಾಲದಲ್ಲಿ ಫೇರ್‌ಬ್ಯಾಂಕ್ಸ್ ಸುತ್ತಮುತ್ತ ಹಗಲು ನಾಲ್ಕು ಗಂಟೆಯೂ ಇರುವುದಿಲ್ಲ. ಆದ್ದರಿಂದ ಬೆಳಕಿರುವಾಗಲೇ ಬೀಡಿನ ಜಾಗ ಹುಡುಕಬೇಕು. ನೋಡಬೇಕಾದದ್ದು ನಿಂತಲ್ಲೇ ಒಣಗಿದ ಸ್ಪ್ರೂಸ್ ಎಂಬ ಸೂಜಿಯೆಲೆಯ ಮರಗಳಿವೆಯೇ ಎಂಬುದನ್ನು. ಸ್ನೋಶೂನಿಂದ ಹಿಮವನ್ನು ತುಳಿದು ಗಟ್ಟಿಮಾಡಿ, ಸ್ಪ್ರೂಸ್ ರೆಂಬೆಗಳನ್ನು ದಪ್ಪಗೆ ಹಾಸಿ, ಡೇರೆ ಎತ್ತಿ, ತಗಡಿನ ಒಲೆಯನ್ನು ಎರಡು ಹಸಿ ದಿಮ್ಮಿಗಳ ಮೇಲೆ ಇಡಬೇಕು. ಇಲ್ಲವಾದರೆ ಒಲೆ ಹಿಮವನ್ನು ಕರಗಿಸಿ ಒಳಗಿಳಿಯುತ್ತದೆ. ಒಲೆಯ ಮೇಲೆ ಹಗ್ಗ ಕಟ್ಟಿ ಕಾಲುಚೀಲ, ಮೊಕಾಸಿನ್ ಎಂಬ ಮೆತ್ತನೆಯ ತೊಗಲಿನ ಪಾದರಕ್ಷೆ, ಕೈಗವಸು ಎಲ್ಲವನ್ನೂ ಪ್ರತಿರಾತ್ರಿ ಒಣಗಿಸಬೇಕು. ಬೆವರಿನ ತೇವವೂ ಹೊಳೆಯ ನೀರಿನಷ್ಟೇ ಕೆಟ್ಟದ್ದು. ಹಗಲಲ್ಲಿ ಬೆವರು ಬರುವ ಮುನ್ನವೇ ಮೇಲಂಗಿ ಕಳಚುವ ಅಭ್ಯಾಸವಿರಬೇಕು. ಅನುಕೂಲವಿದ್ದಾಗ ಮೀನಿಗೆ ಅಕ್ಕಿ ಅಥವಾ ಮೆಕ್ಕೆಜೋಳದ ಹಿಟ್ಟು ಮತ್ತು ಕೊಬ್ಬು ಸೇರಿಸಿ ಬೇಯಿಸಿ ನಾಯಿಗಳಿಗೆ ಕೊಡಬೇಕು. ಹೊಟ್ಟೆ ತುಂಬ ಉಂಡ ಕೂಡಲೇ ನಾಯಿ ಚೆನ್ನಾಗಿ ಎಳೆಯದು, ಆದುದರಿಂದ ಅದರ ಪೂರ್ಣ ಊಟ ದಿನಕ್ಕೊಮ್ಮೆ, ರಾತ್ರಿ ಮಾತ್ರ. ಮಲಗುವ ಮುನ್ನ ಸ್ನೋಶೂ, ಚಾವಟಿ, ಎದೆಪಟ್ಟಿಗಳನ್ನು ಮರಕ್ಕೆ ತೂಗುಹಾಕಬೇಕು. ಹಸಿದ ನಾಯಿ ತೊಗಲು ಕಂಡರೆ ಬಿಡುವುದಿಲ್ಲ.

ಪಾರ್ಕಾ ಎಂಬ ಮುಸುಕುಳ್ಳ ಮೇಲಂಗಿಯ ತಲೆಮುಸುಕಿನ ಅಂಚಿಗೆ ವುಲ್ವರಿನ್ ಎಂಬ ಕಾಡುಪ್ರಾಣಿಯ ತುಪ್ಪಳ ಒಳ್ಳೆಯದು, ಉಸಿರಿನ ಇಬ್ಬನಿ ಅದರಿಂದ ಸುಲಭವಾಗಿ ಉದುರುತ್ತದೆ. ಜೊತೆಯವರ ಕೆನ್ನೆ, ಮೂಗಿನಲ್ಲಿ ಬಿಳಿ ಮಚ್ಚೆ ಕಂಡರೆ ಕೂಡಲೇ ಹೇಳಿ, ಬರಿಗೈಯನ್ನು ಮೆಲ್ಲಗೆ ಇಟ್ಟು ಬೆಚ್ಚಗೆ ಮಾಡಬೇಕು. ಹಿಮದಿಂದ ತಿಕ್ಕಬೇಕೆಂಬುದು ಅಂದು ವ್ಯಾಪಕವಾಗಿದ್ದ ನಂಬಿಕೆ. ಅದರಿಂದ ಚರ್ಮ ಇನ್ನಷ್ಟು ಹಾಳಾಗುವುದೆಂದು ಇಂದಿನ ವೈದ್ಯರು ಸ್ಪಷ್ಟವಾಗಿ ತಿಳಿಸಿದ್ದಾರೆ.

ಮಾರ್ಚ್ ಬಂದ ಮೇಲೆ ಹಗಲು ಉದ್ದವಾಗಿ, ಹಿಮದ ಮೇಲಿನ ಬಿಸಿಲು ಕಣ್ಣು ಕೆಡಿಸುತ್ತದೆ. ಬಣ್ಣದ ಗಾಜಿನ ಕನ್ನಡಕ, ಅದಿಲ್ಲದಿದ್ದರೆ ಸಣ್ಣ ಸೀಳಿರುವ ಮರದ ಕಣ್ಣುಪಟ್ಟಿ ಕಟ್ಟಿಕೊಳ್ಳಬೇಕು. ಮಧ್ಯಾಹ್ನ ಹಿಮ ಮೆತ್ತಗಾಗುವ ದಿನಗಳಲ್ಲಿ ರಾತ್ರಿ ಗಟ್ಟಿಯಾದ ಪದರದ ಮೇಲೆ ಸಾಗಿ ಹಗಲಲ್ಲಿ ಮಲಗುವುದು ಸರಿಯಾದ ಕ್ರಮ. ಅಲಾಸ್ಕದ ನೆನಾನಾ ಊರಿನ ಬಳಿ ತನಾನಾ ನದಿಯ ಮಂಜುಗಡ್ಡೆ ಸಾಮಾನ್ಯವಾಗಿ ಏಪ್ರಿಲ್ ಕೊನೆ ಅಥವಾ ಮೇ ಮೊದಲಿನಲ್ಲಿ ಒಡೆಯುತ್ತದೆ. ಅದಕ್ಕೆ ವಾರಗಳ ಮುಂಚೆಯೇ ಗಡ್ಡೆ ಒಳಗೊಳಗೇ ಸಡಿಲವಾಗುವುದರಿಂದ, ನದಿಯ ಮೇಲಿನ ಪಯಣವನ್ನು ಏಪ್ರಿಲ್ ನಡುವಿನೊಳಗೆ ಮುಗಿಸಿ ಬಂಡಿಯನ್ನು ದಡಕ್ಕೆ ಏರಿಸಿರಬೇಕು.